ಹಳೆಯ ಚಿತ್ರ 30 ಮೀಟರ್, ಹೊಸದು 10 ಮೀಟರ್: ನಗರ ಎಷ್ಟು ಬದಲಾಗಿದೆ ಅಂತ ಹೇಳೋದು ಹೇಗೆ?

ಹೊಸನಕ್ಷೆ

ಎಲ್ಲರಿಗೂ ನಮಸ್ಕಾರ. ಒಂದು ನಗರದ ಮೂವತ್ತು ವರ್ಷದ ಬದಲಾವಣೆಯನ್ನು ಉಪಗ್ರಹ ಚಿತ್ರಗಳಿಂದ ಅಳೆಯೋದು ನನ್ನ ಪ್ರಬಂಧದ ವಿಷಯ. ಹಳೆಯ ಕಾಲಕ್ಕೆ ಲ್ಯಾಂಡ್‌ಸ್ಯಾಟ್ 5ರ 30 ಮೀಟರ್ ಚಿತ್ರ (ಅದರ ಒಂದೊಂದು ಚುಕ್ಕಿ, ಅಂದ್ರೆ ಪಿಕ್ಸೆಲ್, ನೆಲದ ಮೇಲೆ 30 ಮೀಟರ್ ಚೌಕ), ಈಗಿನದಕ್ಕೆ ಸೆಂಟಿನೆಲ್-2ರ 10 ಮೀಟರ್ ಚಿತ್ರ ತಗೊಂಡೆ. ಎರಡನ್ನೂ ಕಟ್ಟಡ, ಗಿಡಮರ, ಬರಿನೆಲ, ನೀರು ಅಂತ ನಾಲ್ಕು ವರ್ಗ ಮಾಡಿ, ಒಂದರ ಮೇಲೊಂದು ಇಟ್ಟು ವ್ಯತ್ಯಾಸ ತೆಗೆದೆ.

ಬಂದ ಉತ್ತರ ತುಂಬಾ ಸ್ಪಷ್ಟವಾಗಿತ್ತು. ಹಸಿರು ಚೂರುಚೂರಾಗಿದೆ, ತುಣುಕುಗಳ ಸಂಖ್ಯೆ ಹಲವು ಪಟ್ಟು ಏರಿದೆ, ಅಂಚಿನ ಉದ್ದ ಜಾಸ್ತಿಯಾಗಿದೆ. ಅಧ್ಯಾಯ ಬರೆದು ಮುಗಿಸಿ ಗೈಡ್ ಹತ್ತಿರ ತಗೊಂಡು ಹೋದೆ. ಅವರು ನಕ್ಷೆಯ ನಡುಭಾಗಕ್ಕೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿದ್ರು: "ಇದು ಹಳೇ ಬಡಾವಣೆ. ಇಲ್ಲಿ ಈ ಮೂವತ್ತು ವರ್ಷದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಎದ್ದಿಲ್ಲ, ಬಿದ್ದಿಲ್ಲ. ಇಲ್ಲಿಯ ಹಸಿರನ್ನ ಯಾರು ಚೂರು ಮಾಡಿದ್ರು?"

ವಾಪಸ್ ಬಂದು ಅಲ್ಲಿರೋ ಒಂದು ಉದ್ಯಾನವನ್ನು ದೊಡ್ಡದು ಮಾಡಿ ನೋಡಿದೆ. ಹಳೆಯ ನಕ್ಷೆಯಲ್ಲಿ ಅದು ಒಂದೇ ಹಸಿರು ಮುದ್ದೆ. ಹೊಸದರಲ್ಲಿ ಎರಡು ದಾರಿಗಳು ಒಂದನ್ನೊಂದು ದಾಟಿ ಅದನ್ನು ನಾಲ್ಕು ತುಣುಕು ಮಾಡಿವೆ. ಸುಮಾರು ಹನ್ನೆರಡು ಮೀಟರ್ ಅಗಲದ ದಾರಿಗಳು. ಉದ್ಯಾನ ಮಾಡಿದ ದಿನದಿಂದ ಅವು ಅಲ್ಲೇ ಇವೆ ಅಂತ ಗೊತ್ತಿರೋರು ಹೇಳಿದ್ರು.

ಅಂದ್ರೆ ನಾನು ಅಳೆದದ್ದು ನಗರದ ಬದಲಾವಣೆಯಲ್ಲ, ಕ್ಯಾಮೆರಾದ ಬದಲಾವಣೆ. ಎಷ್ಟು ಭಾಗ ನಗರದ್ದು, ಎಷ್ಟು ಭಾಗ ಕ್ಯಾಮೆರಾದ್ದು ಅಂತ ಬೇರ್ಪಡಿಸೋಕೆ ದಾರಿ ಇದೆಯಾ? ಅಧ್ಯಾಯ ಪೂರ್ತಿ ಮತ್ತೆ ಬರೆಯೋಕೂ ತಯಾರಿದ್ದೀನಿ, ಆದರೆ ಸರಿಯಾಗಿ ಬರೀಬೇಕು.

ಮುಗಿಲಕಣ್ಣು

ನಿಮ್ಮ ಗೈಡ್ ಕೇಳಿದ ಪ್ರಶ್ನೆಯನ್ನ ಎಲ್ಲರೂ ತಮ್ಮ ನಕ್ಷೆಗೆ ಕೇಳಬೇಕು. ಬದಲಾಗಿಲ್ಲ ಅಂತ ಖಚಿತವಾಗಿ ಗೊತ್ತಿರೋ ಜಾಗದಲ್ಲಿ ನಕ್ಷೆ ಏನು ಹೇಳುತ್ತೆ ಅನ್ನೋದೇ ಮೊದಲ ಪರೀಕ್ಷೆ.

ಬುಡದಿಂದ ಹೇಳ್ತೀನಿ. 30 ಮೀಟರ್ ಪಿಕ್ಸೆಲ್ ಅಂದ್ರೆ ನೆಲದ ಮೇಲೆ 900 ಚದರ ಮೀಟರ್. ಅಷ್ಟರೊಳಗೆ ಮನೆ, ಅಂಗಳ, ಮರ, ರಸ್ತೆ ಏನೇ ಇರಲಿ, ಉಪಗ್ರಹಕ್ಕೆ ಸಿಗೋದು ಎಲ್ಲದರ ಬೆಳಕೂ ಕಲಸಿದ ಒಂದೇ ಸಂಖ್ಯೆ. ಮಿಶ್ರ ಪಿಕ್ಸೆಲ್ ಅಂತೀವಲ್ಲ, ಅದು. ಕಾಡಿನ ಮೇಲೋ ಮರುಭೂಮಿಯ ಮೇಲೋ ಇದು ಅಂಚಿನಲ್ಲಿ ಮಾತ್ರ ಬರೋ ತೊಂದರೆ. ನಗರದಲ್ಲಿ ವಸ್ತುಗಳೇ ಪಿಕ್ಸೆಲ್‌ಗಿಂತ ಚಿಕ್ಕವು, ಹಾಗಾಗಿ ಶುದ್ಧ ಪಿಕ್ಸೆಲ್ ಸಿಗೋದೇ ಅಪರೂಪ. ಆ ಕಲಸಿದ ಸಂಖ್ಯೆಗೆ "ಕಟ್ಟಡ" ಅಥವಾ "ಕಟ್ಟಡವಲ್ಲ" ಅಂತ ಒಂದೇ ಹಣೆಪಟ್ಟಿ ಅಂಟಿಸಿದ ಕ್ಷಣದಿಂದ ಲೆಕ್ಕ ದಾರಿ ತಪ್ಪುತ್ತೆ.

ಒಂದು ಕಾಗದ ತಗೊಂಡು ನೀವೇ ಮಾಡಿ ನೋಡಿ. 90 ಮೀಟರ್ ಉದ್ದ, 90 ಮೀಟರ್ ಅಗಲದ ಜಾಗ. ಒಟ್ಟು 8,100 ಚದರ ಮೀಟರ್, ಲ್ಯಾಂಡ್‌ಸ್ಯಾಟ್‌ನ ಒಂಬತ್ತು ಪಿಕ್ಸೆಲ್. ಅದರಲ್ಲಿ ತಲಾ 100 ಚದರ ಮೀಟರಿನ 20 ಮನೆಗಳು ಸಮನಾಗಿ ಹರಡಿವೆ ಅಂದುಕೊಳ್ಳಿ. ಕಟ್ಟಡ 2,000 ಚದರ ಮೀಟರ್, ಅಂದ್ರೆ ಸುಮಾರು ಶೇ. 25. ಯಾವ ಪಿಕ್ಸೆಲ್‌ನಲ್ಲೂ ಕಟ್ಟಡ ಅರ್ಧ ದಾಟಿಲ್ಲ, ಹಾಗಾಗಿ ನಕ್ಷೆಯಲ್ಲಿ ಕಟ್ಟಡ ಸೊನ್ನೆ. ಕೆಲವು ವರ್ಷ ಬಿಟ್ಟು ಅಲ್ಲಿ 45 ಮನೆ ಆಯ್ತು. ಕಟ್ಟಡ 4,500 ಚದರ ಮೀಟರ್, ಶೇ. 55ರ ಮೇಲೆ. ಈಗ ಒಂಬತ್ತೂ ಪಿಕ್ಸೆಲ್ ಕಟ್ಟಡ! ನೆಲದ ಮೇಲೆ ಹೆಚ್ಚಿದ್ದು 2,500 ಚದರ ಮೀಟರ್, ನಕ್ಷೆ ಹೇಳಿದ್ದು 8,100. ಮೂರು ಪಟ್ಟಿಗೂ ಜಾಸ್ತಿ.

ಇಲ್ಲಿ ಚಿತ್ರ ಬದಲಾಗಿಲ್ಲ ಅನ್ನೋದನ್ನ ಗಮನಿಸಿ. ಎರಡೂ ಸಲ 30 ಮೀಟರೇ. ಒಂದೇ ಪಿಕ್ಸೆಲ್ ಗಾತ್ರ ಇಟ್ಟುಕೊಂಡ್ರೂ ಮೊದಲು ಏನೂ ಕಾಣದೆ, ಆಮೇಲೆ ಒಮ್ಮೆಲೇ ಎಲ್ಲ ಕಂಡುಬಿಡುತ್ತೆ. ವಿರಳವಾಗಿ ಮನೆ ಏಳುತ್ತಿರೋ ನಗರದ ಹೊರವಲಯದಲ್ಲಿ ಹೀಗಾಗೋದು ಹೆಚ್ಚು, ಬದಲಾವಣೆ ನಡೆಯೋದೂ ಅಲ್ಲೇ.

ಚೌಕಳಿ

ಸರ್, ಒಂದು ಸಣ್ಣ ಅನುಮಾನ. ಹಾಗಾದ್ರೆ 10 ಮೀಟರ್ ಪಿಕ್ಸೆಲ್‌ನಲ್ಲಿ 10 ಮೀಟರಿನ ಮನೆ ಸರಿಯಾಗಿ ಕಾಣಬೇಕಲ್ವಾ? ಅಳತೆ ಸರಿಹೋಯ್ತಲ್ಲ.

ಮುಗಿಲಕಣ್ಣು

ಪಿಕ್ಸೆಲ್ ಗೆರೆಗೂ ಮನೆಯ ಗೋಡೆಗೂ ಸರಿಯಾಗಿ ತಾಳೆಯಾದ್ರೆ ಕಾಣುತ್ತೆ. ಆದರೆ ಮನೆ ಕಟ್ಟೋರು ಉಪಗ್ರಹದ ಚೌಕ ನೋಡಿ ಪಾಯ ತೆಗೆಯಲ್ಲ. ಮನೆ ಎರಡೂ ದಿಕ್ಕಿಗೆ 5 ಮೀಟರ್ ಸರಿದಿದ್ರೆ ನಾಲ್ಕು ಪಿಕ್ಸೆಲ್‌ಗಳ ಮೇಲೆ ಕೂತಿರುತ್ತೆ, ಪ್ರತಿಯೊಂದರಲ್ಲೂ ಕಾಲು ಭಾಗ. ಅರ್ಧ ದಾಟಿದ ಪಿಕ್ಸೆಲ್ ಒಂದೂ ಇಲ್ಲ, ಮನೆ ಪೂರ್ತಿ ಮಾಯ. ಎಲ್ಲೇ ಕೂತಿರಲಿ, ಒಂದಾದ್ರೂ ಶುದ್ಧ ಪಿಕ್ಸೆಲ್ ಸಿಗಲೇಬೇಕು ಅಂದ್ರೆ ಪಿಕ್ಸೆಲ್ ಮನೆಯ ಅಗಲದ ಅರ್ಧಕ್ಕಿಂತ ದೊಡ್ಡದಿರಬಾರದು. ಮನೆ ಚೌಕಳಿಗೆ ಓರೆಯಾಗಿದ್ರೆ ಇನ್ನೂ ಚಿಕ್ಕದು ಬೇಕು.

ವುಡ್‌ಕಾಕ್ ಮತ್ತು ಸ್ಟ್ರಾಹ್ಲರ್ ಅನ್ನೋ ಸಂಶೋಧಕರು 1987ರಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ತೋರಿಸಿದ್ರು. ಚಿತ್ರವನ್ನ ಹಂತ ಹಂತವಾಗಿ ಒರಟು ಮಾಡ್ತಾ, ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವಿನ ಏರುಪೇರು ಎಲ್ಲಿ ಅತಿ ಹೆಚ್ಚು ಅಂತ ನೋಡಿದ್ರು. ವಸ್ತುವಿನ ಗಾತ್ರದ ಅರ್ಧದಿಂದ ಮುಕ್ಕಾಲು ಭಾಗದಷ್ಟು ಪಿಕ್ಸೆಲ್ ಇದ್ದಾಗ ಆ ಏರುಪೇರು ತುದಿ ಮುಟ್ಟುತ್ತೆ. ನಿಮ್ಮ ನಗರದಲ್ಲಿ ನೀವು ಅಳೆಯಬೇಕಿರೋದು ಮನೆಯಾ, ಬ್ಲಾಕಾ, ಬಡಾವಣೆಯಾ ಅಂತ ಮೊದಲು ತೀರ್ಮಾನ ಮಾಡಿ. ಚಿತ್ರದ ಆಯ್ಕೆ ಅದರ ಮೇಲೆ.

ಗೆರೆಅಂಚು

ಹೊಸನಕ್ಷೆ ಅವರೇ, ನಿಮ್ಮ ಉದ್ಯಾನದ ಕತೆ ಓದಿ ಮನಸ್ಸಿಗೆ ತಟ್ಟಿತು. ನಾನೂ ಭೂದೃಶ್ಯದ ಸೂಚ್ಯಂಕಗಳ (ತುಣುಕು, ಅಂಚು ಅಳೆಯೋ ಅಂಕಿಗಳು) ಮೇಲೇ ಕೆಲಸ ಮಾಡೋಳು. ವಿಸ್ತೀರ್ಣಕ್ಕಿಂತ ನಿಮಗೆ ನಿಜವಾಗಿ ಪೆಟ್ಟು ಕೊಟ್ಟಿರೋದು ಈ ಸೂಚ್ಯಂಕಗಳೇ ಅನ್ನಿಸುತ್ತೆ.

ವಿಸ್ತೀರ್ಣದಲ್ಲಿ ತಪ್ಪುಗಳು ಸ್ವಲ್ಪಮಟ್ಟಿಗೆ ಒಂದಕ್ಕೊಂದು ವಜಾ ಆಗಬಹುದು: ಇಲ್ಲಿ ಒಂದು ಪಿಕ್ಸೆಲ್ ಹೆಚ್ಚು, ಅಲ್ಲಿ ಒಂದು ಕಡಿಮೆ. ತುಣುಕುಗಳ ಸಂಖ್ಯೆ, ಅಂಚಿನ ಸಾಂದ್ರತೆ (ಇಷ್ಟು ಜಾಗಕ್ಕೆ ಎಷ್ಟು ಉದ್ದದ ಅಂಚು) ಇವುಗಳಲ್ಲಿ ಹಾಗಾಗಲ್ಲ. ಪಿಕ್ಸೆಲ್ ಸಣ್ಣದಾದಷ್ಟೂ ಹೊಸ ಅಂಚು ಕಾಣುತ್ತೆ, ಹೊಸ ತುಣುಕು ಕಾಣುತ್ತೆ. ತಪ್ಪೆಲ್ಲ ಒಂದೇ ದಿಕ್ಕಿಗೆ. ಕರಾವಳಿಯ ಉದ್ದ ಅಳೆಯೋಕೆ ಹೋದ್ರೆ ಅಳತೆಗೋಲು ಚಿಕ್ಕದಾದಷ್ಟೂ ಕರಾವಳಿ ಉದ್ದ ಆಗ್ತಾ ಹೋಗುತ್ತಲ್ಲ, ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬರೆದದ್ದು, ಅದೇ ಇಲ್ಲೂ.

ಜಿಯಾಂಗುವೊ ವು 2004ರಲ್ಲಿ ಸೂಚ್ಯಂಕಗಳನ್ನ ಮೂರು ಗುಂಪು ಮಾಡಿದ್ರು. ಕೆಲವು ಪಿಕ್ಸೆಲ್ ಗಾತ್ರದ ಜೊತೆ ಒಂದು ನಿಯಮಕ್ಕೆ ಬದ್ಧವಾಗಿ ಬದಲಾಗ್ತವೆ, ಕೆಲವು ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತವೆ, ಇನ್ನು ಕೆಲವು ಹೇಗೆ ಹೋಗ್ತವೋ ಮೊದಲೇ ಹೇಳೋಕಾಗಲ್ಲ. ತುಣುಕುಗಳ ಸಂಖ್ಯೆ, ಒಟ್ಟು ಅಂಚು, ಅಂಚಿನ ಸಾಂದ್ರತೆ ಮೊದಲ ಗುಂಪಿಗೆ ಸೇರಿದವು. ಪಿಕ್ಸೆಲ್ ದೊಡ್ಡದಾದಂತೆ ಅವು ಇಳಿಯೋದು ಒಂದು ಘಾತ ನಿಯಮದಂತೆ, ಅಂದ್ರೆ ಪಿಕ್ಸೆಲ್ ಇಷ್ಟು ಪಟ್ಟು ದೊಡ್ಡದಾದ್ರೆ ಅವು ಇಷ್ಟು ಪಟ್ಟು ಇಳೀತವೆ ಅನ್ನೋ ಸ್ಥಿರ ಸಂಬಂಧ. ಇದು ನಿಮಗೆ ಒಳ್ಳೆಯ ಸುದ್ದಿ. ನಿಮ್ಮ ಹೊಸ ಚಿತ್ರವನ್ನೇ 10, 20, 30, 60 ಮೀಟರಿಗೆ ಒರಟು ಮಾಡಿ ಪ್ರತಿ ಹಂತದಲ್ಲೂ ಅಂಚು ಲೆಕ್ಕ ಹಾಕಿದ್ರೆ, ಆ ಇಳಿಜಾರು ನಿಮ್ಮ ನಗರಕ್ಕೆ ಹೇಗಿದೆ ಅಂತ ನಿಮ್ಮ ಕೈಗೇ ಸಿಗುತ್ತೆ.

ಇನ್ನೊಂದು ವಿಷಯ ಹೇಳಲೇಬೇಕು, ತುಂಬಾ ಜನ ಇದನ್ನ ನಂಬೋದೇ ಇಲ್ಲ. ಪಿಕ್ಸೆಲ್ ಸಣ್ಣದು ಮಾಡ್ತಾ ಹೋದ್ರೆ ಅಂಚಿನ ಉದ್ದ ನಿಜವಾದ ಉದ್ದಕ್ಕೆ ಹತ್ತಿರ ಬರುತ್ತೆ ಅಂತ ಅಂದುಕೊಳ್ತೀವಿ. ಓರೆಗೆರೆಗೆ ಅದು ಸುಳ್ಳು. 45 ಡಿಗ್ರಿ ಓರೆಯಾಗಿ ಹೋಗೋ 100 ಮೀಟರ್ ರಸ್ತೆಯ ಅಂಚನ್ನ ಚೌಕಗಳ ಮೆಟ್ಟಿಲಲ್ಲಿ ಅಳೆದ್ರೆ ಸುಮಾರು 141 ಮೀಟರ್ ಬರುತ್ತೆ. ಪಿಕ್ಸೆಲ್ 30 ಮೀಟರಿಂದ 1 ಮೀಟರಿಗೆ ಇಳಿಸಿ, ಮೆಟ್ಟಿಲು ಚಿಕ್ಕದಾಗುತ್ತೆ, ಸಂಖ್ಯೆ ಜಾಸ್ತಿಯಾಗುತ್ತೆ, ಒಟ್ಟು ಉದ್ದ ಹೆಚ್ಚುಕಡಿಮೆ ಅದೇ 141. ರಸ್ತೆಗಳೆಲ್ಲ ಉತ್ತರ-ದಕ್ಷಿಣಕ್ಕಿರೋ ನಗರವನ್ನೂ ಓರೆಯಾಗಿ ಬೆಳೆದ ನಗರವನ್ನೂ ಅಂಚಿನ ಸಾಂದ್ರತೆಯಲ್ಲಿ ಹೋಲಿಸಿದ್ರೆ ರಸ್ತೆಯ ದಿಕ್ಕೇ ಉತ್ತರವನ್ನ ಬದಲಾಯಿಸಿಬಿಡುತ್ತೆ.

ತಾರಸಿನೋಟ

ಇಷ್ಟೆಲ್ಲ ತಾಪತ್ರಯ ಯಾಕೆ ಅಂತ ನನ್ನ ಪ್ರಶ್ನೆ. ಕಾರ್ಟೋಸ್ಯಾಟ್-3 2019ರಿಂದ ಮೇಲಿದೆ, ಕಪ್ಪು-ಬಿಳುಪಿನಲ್ಲಿ ಕಾಲು ಮೀಟರ್ ದರ್ಜೆಯ ಚಿತ್ರ. ವರ್ಲ್ಡ್‌ವ್ಯೂ-3 31 ಸೆಂಟಿಮೀಟರ್. ಒಂದೊಂದು ತಾರಸಿ, ಒಂದೊಂದು ಮರ ಎಣಿಸಬಹುದು. ಮಿಶ್ರ ಪಿಕ್ಸೆಲ್ ಸಮಸ್ಯೆಯೇ ಇರಲ್ಲ. ಒರಟು ಚಿತ್ರದ ಮೇಲೆ ಗಣಿತ ಮಾಡೋದಕ್ಕಿಂತ ಒಳ್ಳೆ ಚಿತ್ರ ತಗೊಳ್ಳೋದೇ ಮೇಲಲ್ವಾ?

ಮುಗಿಲಕಣ್ಣು

ಈಗಿನ ಸ್ಥಿತಿ ತಿಳಿಯೋಕೆ ಖಂಡಿತ ಮೇಲು. ಆದರೆ ಇವರು ಅಳೀತಿರೋದು ಬದಲಾವಣೆ. ಮೂವತ್ತು ವರ್ಷದ ಹಿಂದೆ ನಾಗರಿಕರಿಗೆ ಸಿಗೋ ಅಂಥ ಚಿತ್ರವೇ ಇರಲಿಲ್ಲ. ಒಂದು ಮೀಟರ್ ದರ್ಜೆಯ ಮೊದಲ ವಾಣಿಜ್ಯ ಉಪಗ್ರಹ ಐಕೊನಾಸ್ ಮೇಲೆ ಹೋದದ್ದು 1999ರ ಸೆಪ್ಟೆಂಬರ್‌ನಲ್ಲಿ. ಲ್ಯಾಂಡ್‌ಸ್ಯಾಟ್ ಸರಣಿ 1972ರಲ್ಲೇ ಶುರುವಾಯ್ತು. ಸುಮಾರು 80 ಮೀಟರಿಂದ ಹೊರಟು 1982ರಲ್ಲಿ ಲ್ಯಾಂಡ್‌ಸ್ಯಾಟ್ 4ರೊಂದಿಗೆ 30 ಮೀಟರಿಗೆ ಬಂತು. ಅಷ್ಟು ಉದ್ದದ ನಿರಂತರ ದಾಖಲೆ ಬೇರೆಲ್ಲೂ ಇಲ್ಲ. ಹೋಲಿಕೆಗೆ ಎರಡು ತುದಿ ಬೇಕು, ಹಳೇ ತುದಿ ಇರೋದು ಒರಟಾಗಿಯೇ.

ಗೆರೆಅಂಚು

ಮತ್ತೆ ತಾರಸಿನೋಟ ಅವರೇ, ಅರ್ಧ ಮೀಟರ್ ಚಿತ್ರದಲ್ಲಿ ಮಿಶ್ರ ಪಿಕ್ಸೆಲ್ ಕಡಿಮೆಯಾಗುತ್ತೆ ನಿಜ. ಆದರೆ ಬೇರೆ ಮೂರು ತೊಂದರೆ ಹುಟ್ಟಿಕೊಳ್ತವೆ. ನಾನು ಇವನ್ನ ಅನುಭವಿಸಿದ್ದೀನಿ.

ಮೊದಲನೆಯದು ವಾಲುವಿಕೆ. ಉಪಗ್ರಹ ನೇರ ಕೆಳಗೆ ನೋಡದೆ 25 ಡಿಗ್ರಿ ಓರೆಯಾಗಿ ನೋಡಿದ್ರೆ 30 ಮೀಟರ್ ಎತ್ತರದ ಕಟ್ಟಡದ ತಾರಸಿ ತನ್ನ ಪಾಯದಿಂದ 14 ಮೀಟರ್ ಪಕ್ಕಕ್ಕೆ ಬಿದ್ದಂತೆ ಕಾಣುತ್ತೆ. ಅರ್ಧ ಮೀಟರ್ ಚಿತ್ರದಲ್ಲಿ ಅದು 28 ಪಿಕ್ಸೆಲ್. ಮುಂದಿನ ವರ್ಷ ಉಪಗ್ರಹ ಇನ್ನೊಂದು ಕಡೆಯಿಂದ ನೋಡಿದ್ರೆ ಅದೇ ತಾರಸಿ ಆಚೆ ಕಡೆಗೆ ವಾಲುತ್ತೆ. ಕಟ್ಟಡ ಒಂದು ಅಂಗುಲವೂ ಕದಲಿಲ್ಲ, ನಕ್ಷೆಯಲ್ಲಿ ಒಂದು ಕಡೆ ಕಟ್ಟಡ ಹೋಯ್ತು, ಇನ್ನೊಂದು ಕಡೆ ಬಂತು.

ಎರಡನೆಯದು ನೆರಳು. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ರೆ ಅದೇ ಕಟ್ಟಡದ ನೆರಳು 52 ಮೀಟರ್. ಆ ನೆರಳಿನೊಳಗೆ ಹುಲ್ಲೋ ಡಾಂಬರೋ ಗೊತ್ತಾಗಲ್ಲ. ಎರಡು ಚಿತ್ರ ಬೇರೆ ಬೇರೆ ತಿಂಗಳಿನವಾದ್ರೆ ನೆರಳಿನ ಉದ್ದ ಬದಲಾಗಿದ್ದೂ "ಬದಲಾವಣೆ" ಪಟ್ಟಿಗೆ ಸೇರಿಕೊಳ್ಳುತ್ತೆ.

ಮೂರನೆಯದು ಬಣ್ಣ. ಪಿಕ್ಸೆಲ್ ಚಿಕ್ಕದಾದಷ್ಟೂ ಅದಕ್ಕೆ ಸಿಗೋ ಬೆಳಕು ಕಡಿಮೆ. ಅದಕ್ಕೇ ಅತಿ ಸೂಕ್ಷ್ಮ ಚಿತ್ರ ಕಪ್ಪು-ಬಿಳುಪಿನ ಅಗಲ ಬ್ಯಾಂಡಿನಲ್ಲಿ (ಬ್ಯಾಂಡ್ ಅಂದ್ರೆ ಬೆಳಕಿನ ತರಂಗಗಳ ಒಂದು ಪಟ್ಟಿ) ಬರುತ್ತೆ, ಬಣ್ಣದ ಬ್ಯಾಂಡ್‌ಗಳು ಅದಕ್ಕಿಂತ ಒರಟು. ವರ್ಲ್ಡ್‌ವ್ಯೂ-3ರಲ್ಲಿ ಬಣ್ಣದ್ದು 1.24 ಮೀಟರ್, ನಾಲ್ಕು ಪಟ್ಟು. ಬರಿನೆಲವನ್ನೂ ಕಟ್ಟಡವನ್ನೂ ಬೇರ್ಪಡಿಸೋಕೆ ಸಹಾಯ ಮಾಡೋ, ಕಣ್ಣಿಗೆ ಕಾಣದ ಶಾರ್ಟ್‌ವೇವ್ ಇನ್‌ಫ್ರಾರೆಡ್ ಬ್ಯಾಂಡ್ ಬಹುತೇಕ ಸೂಕ್ಷ್ಮ ಉಪಗ್ರಹಗಳಲ್ಲಿ ಇರೋದೇ ಇಲ್ಲ, ವರ್ಲ್ಡ್‌ವ್ಯೂ-3 ಅಪವಾದ. ಆಕಾರ ಚೆನ್ನಾಗಿ ಕಾಣುತ್ತೆ, ವಸ್ತು ಯಾವುದು ಅನ್ನೋದು ಮಸುಕಾಗುತ್ತೆ. ಒಂದೇ ತಾರಸಿಯಲ್ಲಿ ನೀರಿನ ಟ್ಯಾಂಕು, ಸೋಲಾರ್ ಫಲಕ, ಮೆಟ್ಟಿಲಿನ ಗೂಡು ಎಲ್ಲ ಬೇರೆ ಬೇರೆ ವರ್ಗಕ್ಕೆ ಹೋಗಿ ಕೂರ್ತವೆ. ಪಿಕ್ಸೆಲ್ ಪಿಕ್ಸೆಲ್ ಲೆಕ್ಕ ಬಿಟ್ಟು ವಸ್ತುವಾರು ವರ್ಗೀಕರಣಕ್ಕೆ ಹೋಗಬೇಕಾಗುತ್ತೆ.

ತಾರಸಿನೋಟ

ಒಪ್ಪಿದೆ ಮೇಡಂ. ನಾನು ಒಂದೇ ದಿನಾಂಕದ ಚಿತ್ರದಿಂದ ಕಟ್ಟಡದ ಗೆರೆ ಎಳೆಯೋ ಕೆಲಸ ಮಾಡೋನು, ಎರಡು ಕಾಲ ಹೋಲಿಸಿಲ್ಲ. ವಾಲುವಿಕೆ ನಮ್ಮಲ್ಲೂ ಬರುತ್ತೆ. ತಾರಸಿಯ ಗೆರೆ ಎಳೆದು ಅದನ್ನ ಪಾಯಕ್ಕೆ ಎಳ್ಕೊಂಡು ಬಂದು ಕೂರಿಸ್ತೀವಿ. ಬದಲಾವಣೆಗೆ ಅದನ್ನ ಎರಡು ಸಲ ಮಾಡಬೇಕು ಅನ್ನೋದು ಹೊಳೆದಿರಲಿಲ್ಲ.

ಹಾಗಾದ್ರೆ ಸೂಕ್ಷ್ಮ ಚಿತ್ರ ಇವರಿಗೆ ಯಾವ ಉಪಯೋಗಕ್ಕೂ ಬರಲ್ವಾ?

ಎಣಿಕೆತಾಳೆ

ಬರುತ್ತೆ, ಅದೂ ತುಂಬಾ ಮುಖ್ಯವಾದ ಜಾಗದಲ್ಲಿ: ತಾಳೆ ನೋಡೋಕೆ. ನಕ್ಷೆ ಒರಟು ಚಿತ್ರದಿಂದ ಮಾಡಿ, ಅದರ ಸತ್ಯಾಸತ್ಯತೆಯನ್ನ ಸೂಕ್ಷ್ಮ ಚಿತ್ರದ ಮಾದರಿ ಬಿಂದುಗಳಲ್ಲಿ ಕಣ್ಣಾರೆ ನೋಡಿ.

ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಬದಲಾವಣೆಯ ವಿಸ್ತೀರ್ಣವನ್ನ ಪಿಕ್ಸೆಲ್ ಎಣಿಸಿ ಹೇಳೋದೇ ತಪ್ಪು. 100 ಚದರ ಕಿಲೋಮೀಟರ್ ನಗರ ಅಂದುಕೊಳ್ಳಿ, ನಿಜವಾಗಿ ಬದಲಾಗಿರೋದು 2 ಚದರ ಕಿ.ಮೀ. ನಕ್ಷೆ ಆ ಎರಡರಲ್ಲಿ ಶೇ. 20 ಬಿಟ್ಟುಬಿಟ್ಟಿತು, ಸಿಕ್ಕಿದ್ದು 1.6. ಬದಲಾಗದ 98ರಲ್ಲಿ ಬರೀ ಶೇ. 1ನ್ನ ತಪ್ಪಾಗಿ ಬದಲಾಗಿದೆ ಅಂದಿತು, ಅದು 0.98. ಒಟ್ಟು ನಕ್ಷೆ ಹೇಳೋ ಬದಲಾವಣೆ 2.58. ಒಟ್ಟಾರೆ ನಿಖರತೆ ಶೇ. 98.6! ಆದರೂ ವಿಸ್ತೀರ್ಣ ಶೇ. 29 ಜಾಸ್ತಿ. ಬದಲಾವಣೆ ಅನ್ನೋದು ಅಪರೂಪದ ವರ್ಗ. ದೊಡ್ಡ ವರ್ಗದ ಚಿಕ್ಕ ತಪ್ಪೂ ಅದನ್ನ ಮುಳುಗಿಸಿಬಿಡುತ್ತೆ. ಪಿಕ್ಸೆಲ್ ಗಾತ್ರ ಬೇರೆ ಬೇರೆ ಇದ್ದಾಗ ಈ ಸುಳ್ಳು ಬದಲಾವಣೆ ಪ್ರತಿ ಅಂಚಿನಲ್ಲೂ ಹುಟ್ಟುತ್ತೆ.

ಒಲೋಫ್ಸನ್ ಮತ್ತು ಜೊತೆಗಾರರು 2014ರಲ್ಲಿ ಇದಕ್ಕೆ ಒಳ್ಳೆಯ ಪದ್ಧತಿ ಬರೆದಿಟ್ಟಿದ್ದಾರೆ. ನಕ್ಷೆಯ ವರ್ಗಗಳನ್ನೇ ಪದರ ಮಾಡಿಕೊಂಡು ಪ್ರತಿ ಪದರದಿಂದ ಯಾದೃಚ್ಛಿಕವಾಗಿ ಬಿಂದು ಆರಿಸಿ, ಪ್ರತಿ ಬಿಂದುವನ್ನೂ ಉತ್ತಮ ಚಿತ್ರದಲ್ಲಿ ಪರೀಕ್ಷಿಸಿ, ಆ ತಪ್ಪುಗಳ ಪ್ರಮಾಣದಿಂದ ವಿಸ್ತೀರ್ಣವನ್ನ ತಿದ್ದಿ, ಜೊತೆಗೆ ವಿಶ್ವಾಸಾರ್ಹ ಮಿತಿ (ಎಷ್ಟು ಹಿಂದುಮುಂದಾಗಬಹುದು ಅನ್ನೋದು) ಕೊಡಿ. ಎರಡು ನಕ್ಷೆ ಬೇರೆ ಬೇರೆ ಮಾಡಿ ಹೋಲಿಸೋದಾದ್ರೆ ಇದೂ ನೆನಪಿರಲಿ: ಎರಡೂ ಶೇ. 85 ಸರಿಯಿದ್ದು ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದವಾದ್ರೆ, ಎರಡೂ ಸರಿಯಾಗಿರೋ ಪಿಕ್ಸೆಲ್ ಶೇ. 72 ಮಾತ್ರ.

ಚೌಕಳಿ

ನಾನೂ ಒಂದು ಸೇರಿಸ್ತೀನಿ, ಯಾಕಂದ್ರೆ ಇದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೀನಿ. ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಟೌನ್‌ಶೆಂಡ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದ ಹಾಗೆ, ಪಿಕ್ಸೆಲ್‌ನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಸರಿದಿದ್ರೆ ಸುಳ್ಳು ಬದಲಾವಣೆ ಶೇ. 10 ದಾಟುತ್ತೆ. 30 ಮೀಟರಿಗೆ ಆ ಐದನೇ ಒಂದು ಅಂದ್ರೆ 6 ಮೀಟರ್. 10 ಮೀಟರಿಗೆ 2 ಮೀಟರ್. ಅರ್ಧ ಮೀಟರ್ ಚಿತ್ರಕ್ಕೆ 10 ಸೆಂಟಿಮೀಟರ್, ಅಷ್ಟು ಕರಾರುವಾಕ್ಕಾಗಿ ನಗರದ ಮೇಲೆ ಕೂರಿಸೋದು ಬಹಳ ಕಷ್ಟ. ಪಿಕ್ಸೆಲ್ ಸಣ್ಣದಾದಷ್ಟೂ ಅಳತೆ ಸಲೀಸಾಗುತ್ತೆ ಅಂತ ನಾನು ನಂಬಿದ್ದೆ, ಆದದ್ದು ತಿರುಗಾಮುರುಗಾ.

ಲ್ಯಾಂಡ್‌ಸ್ಯಾಟ್ ತಗೊಳ್ಳೋದಾದ್ರೆ ಕಲೆಕ್ಷನ್ 2 ಅನ್ನೋ ಹೊಸ ಸಂಗ್ರಹ ತಗೊಳ್ಳಿ. 2020ರ ಡಿಸೆಂಬರ್‌ನಿಂದ ಸಿಗ್ತಿದೆ, ಅದರ ನೆಲದ ಗುರುತುಗಳನ್ನ ಸೆಂಟಿನೆಲ್-2ರ ಉಲ್ಲೇಖ ಚಿತ್ರಕ್ಕೆ ಹೊಂದಿಸಿದ್ದಾರೆ. ಹಳೇ ಸಂಗ್ರಹದ ಫೈಲು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿದ್ರೆ ಅದನ್ನ ಬಿಟ್ಟು ಹೊಸದಾಗಿ ಇಳಿಸಿಕೊಳ್ಳಿ.

ಮುಗಿಲಕಣ್ಣು

ಚೌಕಳಿ ಅವರು ಫೈಲಿನ ಮಾತು ಎತ್ತಿದ್ದು ಒಳ್ಳೇದಾಯ್ತು. ಫೈಲಿನಲ್ಲಿ ಬರೆದಿರೋ ಪಿಕ್ಸೆಲ್ ಗಾತ್ರ ಬೇರೆ, ಸಂವೇದಕ ನಿಜವಾಗಿ ನೋಡಿದ ಗಾತ್ರ ಬೇರೆ. ಇದನ್ನ ಗೊತ್ತಿಲ್ಲದೆ ಎಷ್ಟೋ ಪ್ರಬಂಧಗಳು ಎಡವಿವೆ.

ಲ್ಯಾಂಡ್‌ಸ್ಯಾಟ್ 8ರ ಉಷ್ಣ ಬ್ಯಾಂಡ್ ಫೈಲಿನಲ್ಲಿ 30 ಮೀಟರ್ ಅಂತ ತೋರಿಸುತ್ತೆ. ಸಂವೇದಕ ನೋಡಿದ್ದು 100 ಮೀಟರ್, ಉಳಿದದ್ದು ಮರುಹಂಚಿಕೆ, ಅಂದ್ರೆ ಲೆಕ್ಕದಿಂದ ಸಣ್ಣ ಚೌಕ ಮಾಡಿದ್ದು. ಲ್ಯಾಂಡ್‌ಸ್ಯಾಟ್ 5ರಲ್ಲಿ ಅದು 120, ಲ್ಯಾಂಡ್‌ಸ್ಯಾಟ್ 7ರಲ್ಲಿ 60. ಮೂರರಿಂದಲೂ ನಗರದ ಬಿಸಿ ಅಳೆದು "ರಸ್ತೆಗಳು ಈಗ ಹೆಚ್ಚು ಬಿಸಿ" ಅನ್ನೋ ಮೊದಲು ಯಾವ ವರ್ಷದ್ದು ಯಾವ ಉಪಗ್ರಹದಿಂದ ಅಂತ ನೋಡಬೇಕು. ಮೊದಲ ಲ್ಯಾಂಡ್‌ಸ್ಯಾಟ್‌ಗಳ ಚಿತ್ರ 60 ಮೀಟರ್ ಅಂತ ಸಿಗುತ್ತೆ, ನೋಡಿದ್ದು ಸುಮಾರು 80.

ಸೆಂಟಿನೆಲ್-2 ಅಂದ್ರೆ 10 ಮೀಟರ್ ಅಂತ ಎಲ್ಲರೂ ಹೇಳ್ತಾರೆ. ಹದಿಮೂರು ಬ್ಯಾಂಡ್‌ಗಳಲ್ಲಿ 10 ಮೀಟರ್ ಇರೋದು ನಾಲ್ಕು ಮಾತ್ರ. ಹೊಸನಕ್ಷೆ ಅವರೇ, ನೀವು ಕಟ್ಟಡ ಗುರುತಿಸೋಕೆ ಎನ್‌ಡಿಬಿಐ (ಬ್ಯಾಂಡ್‌ಗಳಿಂದ ಲೆಕ್ಕ ಹಾಕೋ ಕಟ್ಟಡದ ಸೂಚ್ಯಂಕ) ಬಳಸಿದ್ರಾ? ಅದಕ್ಕೆ ಬೇಕಾದ ಶಾರ್ಟ್‌ವೇವ್ ಇನ್‌ಫ್ರಾರೆಡ್ ಬ್ಯಾಂಡ್ 20 ಮೀಟರಿನದು. ಹಾಗಿದ್ರೆ ನಿಮ್ಮ "10 ಮೀಟರ್ ಕಟ್ಟಡ ನಕ್ಷೆ" ಒಳಗೊಳಗೆ 20 ಮೀಟರಿನದು. ಅದೂ ಅಲ್ಲದೆ ಒಣಗಿದ ಬರಿನೆಲವೂ ಆ ಸೂಚ್ಯಂಕದಲ್ಲಿ ಕಟ್ಟಡದ ಹಾಗೇ ಮೇಲೇರುತ್ತೆ, ಎರಡು ಚಿತ್ರಗಳ ಋತು ಒಂದೇ ಇರಲಿ.

ಲ್ಯಾಂಡ್‌ಸ್ಯಾಟ್ 7 ಬಳಸೋದಾದ್ರೆ 2003ರ ಮೇ 31ರ ನಂತರದ ಚಿತ್ರಗಳಲ್ಲಿ ಪಟ್ಟೆಗಳಿವೆ, ಪ್ರತಿ ಚಿತ್ರದಲ್ಲಿ ಸುಮಾರು ಶೇ. 22 ಮಾಹಿತಿ ಇಲ್ಲ. ಆ ಪಟ್ಟೆಯನ್ನ ತುಂಬಿಸಿ ತುಣುಕು ಎಣಿಸಬೇಡಿ.

ತಯಾರಾದ ನಕ್ಷೆಗಳಲ್ಲೂ ಇದೇ ಎಚ್ಚರ ಬೇಕು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ 2020 ಮತ್ತು 2021, ಎರಡೂ 10 ಮೀಟರ್. ಆದರೆ ಎರಡನ್ನೂ ಮಾಡಿದ ವಿಧಾನದ ಆವೃತ್ತಿ ಬೇರೆ. ಕಳೆದ್ರೆ ಬರೋ ವ್ಯತ್ಯಾಸದಲ್ಲಿ ವಿಧಾನದ ವ್ಯತ್ಯಾಸವೂ ಸೇರಿದೆ ಅಂತ ಮಾಡಿದವರೇ ಎಚ್ಚರಿಸಿದ್ದಾರೆ.

ಹೊಸನಕ್ಷೆ

ಹೌದು ಸರ್, ಎನ್‌ಡಿಬಿಐ ಬಳಸಿದ್ದೆ. 20 ಮೀಟರ್ ಬ್ಯಾಂಡನ್ನ ಸಾಫ್ಟ್‌ವೇರ್ ತಾನೇ 10 ಮೀಟರಿಗೆ ಮಾಡ್ಕೊಂಡಿತ್ತು, ನನಗೆ ಗೊತ್ತೇ ಆಗಿರಲಿಲ್ಲ.

ಈಗ ಏನು ಮಾಡಲಿ ಅಂತ ಕೇಳ್ತೀನಿ. ಹೊಸ ನಕ್ಷೆಯನ್ನ 30 ಮೀಟರಿಗೆ ಇಳಿಸಿದ್ರೆ ಸಾಕಾ? ಒಂಬತ್ತು ಪಿಕ್ಸೆಲ್‌ಗಳಲ್ಲಿ ಬಹುಮತ ಯಾವ ವರ್ಗಕ್ಕಿದೆಯೋ ಅದನ್ನ ಕೊಟ್ಟುಬಿಡೋದು?

ಗೆರೆಅಂಚು

ಬಹುಮತ ಬೇಡ! ಬಹುಮತದಲ್ಲಿ ಚೆದುರಿದ ವರ್ಗ ಸೋಲುತ್ತೆ, ಒಟ್ಟಾಗಿರೋ ವರ್ಗ ಗೆಲ್ಲುತ್ತೆ. ರಸ್ತೆ ಬದಿಯ ಸಾಲುಮರ ಪೂರ್ತಿ ಅಳಿಸಿಹೋಗುತ್ತೆ, ದೊಡ್ಡ ಕಟ್ಟಡ ಪ್ರದೇಶ ಊದಿಕೊಳ್ಳುತ್ತೆ. ಮುಗಿಲಕಣ್ಣು ಸರ್ ಹೇಳಿದ 20 ಮನೆಗಳ ಲೆಕ್ಕ ಮತ್ತೆ ಅಲ್ಲಿಗೇ ಬಂತು.

ವರ್ಗ ಮಾಡಿದ ಮೇಲೆ ಇಳಿಸಬೇಡಿ, ಮೊದಲು ಚಿತ್ರವನ್ನ ಇಳಿಸಿ. ಹೊಳಪಿನ ಮೌಲ್ಯಗಳನ್ನೇ ಸರಾಸರಿ ಮಾಡಿ 30 ಮೀಟರಿಗೆ ತನ್ನಿ, ಆಮೇಲೆ ಎರಡೂ ಕಾಲದ ಚಿತ್ರಕ್ಕೆ ಒಂದೇ ವಿಧಾನ ಹಚ್ಚಿ. ಬರೀ ಮೂರು-ಮೂರರ ಸರಾಸರಿಯೂ ಲ್ಯಾಂಡ್‌ಸ್ಯಾಟ್ ನೋಟಕ್ಕೆ ಸರಿಸಮ ಅಲ್ಲ, ಯಾಕಂದ್ರೆ ಸಂವೇದಕ ತನ್ನ ಚೌಕದ ಆಚೆಯ ಬೆಳಕನ್ನೂ ಸ್ವಲ್ಪ ಹೀರಿಕೊಳ್ಳುತ್ತೆ. ಅಂಚಿನಲ್ಲಿ ಕೊಂಚ ಮಸುಕು ಸೇರಿಸಿದ್ರೆ ಇನ್ನೂ ಹತ್ತಿರ ಬರುತ್ತೆ. ನಾಸಾದವರು ಲ್ಯಾಂಡ್‌ಸ್ಯಾಟ್ 8, 9 ಮತ್ತು ಸೆಂಟಿನೆಲ್-2 ಹೊಂದಿಸಿ 30 ಮೀಟರ್ ಚೌಕಳಿಯಲ್ಲಿ ಕೊಡೋ ಎಚ್‌ಎಲ್‌ಎಸ್ ಚಿತ್ರಗಳಿವೆ, ಇತ್ತೀಚಿನ ವರ್ಷಗಳಿಗೆ ಅದನ್ನೇ ತಗೋಬಹುದು.

ಇನ್ನೂ ಒಳ್ಳೆಯದು ಹಣೆಪಟ್ಟಿಯನ್ನೇ ಬಿಡೋದು. ರಿಡ್ 1995ರಲ್ಲಿ ನಗರವನ್ನ ಸಸ್ಯ, ನೀರು ಇಂಗದ ಮೇಲ್ಮೈ, ಮಣ್ಣು ಅಂತ ಮೂರರ ಮಿಶ್ರಣವಾಗಿ ನೋಡೋ ಮಾದರಿ ಕೊಟ್ಟರು. ಪ್ರತಿ ಪಿಕ್ಸೆಲ್‌ಗೂ "ಇಂಗದ ಮೇಲ್ಮೈ ಶೇ. 25" ಅಂತ ಪಾಲು ಬರೆಯಿರಿ. ಆಗ ಆ ಮನೆಗಳ ಜಾಗ ಶೇ. 25ರಿಂದ ಶೇ. 55ಕ್ಕೆ ಹೋಯ್ತು ಅಂತ ಬರುತ್ತೆ, ಸೊನ್ನೆಯಿಂದ ನೂರಕ್ಕೆ ಅಲ್ಲ. ಪಾಲುಗಳನ್ನ ಕೂಡಿಸಿದ್ರೂ ಸರಾಸರಿ ಮಾಡಿದ್ರೂ ಒಟ್ಟು ಮೊತ್ತ ಹಾಳಾಗಲ್ಲ, ಪಿಕ್ಸೆಲ್ ಗಾತ್ರ ಬದಲಾದ್ರೂ ತಡ್ಕೊಳ್ಳುತ್ತೆ.

ಯೋಜನಾಕಡತ

ಬಹಳ ಹೊತ್ತಿನಿಂದ ಓದ್ತಾ ಇದ್ದೀನಿ. ನಾನು ಇಂಥ ವರದಿಗಳನ್ನ ಓದಿ ತೀರ್ಮಾನಕ್ಕೆ ಕಳಿಸೋ ಕಡೆ ಕೂತಿರೋನು. ನಮಗೆ ಒಂದು ಸಂಖ್ಯೆ ಬೇಕು: ನಗರ ಎಷ್ಟು ಬೆಳೆಯಿತು. ಪಾಲು, ಮಿತಿ, ಘಾತ ನಿಯಮ ಇವೆಲ್ಲ ಮೇಲಿನವರಿಗೆ ಹೇಗೆ ದಾಟಿಸೋದು? ನಿಮ್ಮ ಲೆಕ್ಕದಲ್ಲಿ ತಪ್ಪು ಹುಡುಕೋಕೆ ಕೇಳ್ತಿಲ್ಲ. ಆ ಒಂದು ಸಂಖ್ಯೆಯ ಮೇಲೆ ಒಳಚರಂಡಿ ಎಲ್ಲಿ ಹಾಕಬೇಕು ಅನ್ನೋದು ನಿಂತಿರುತ್ತೆ.

ಎಣಿಕೆತಾಳೆ

ಸರ್, ಸಂಖ್ಯೆ ಒಂದೇ ಕೊಡಬಹುದು. ಅದರ ಜೊತೆ ಎರಡು ವಿಷಯ ಇರಲೇಬೇಕು: ಎಷ್ಟು ಮೀಟರ್ ಚೌಕಳಿಯಲ್ಲಿ ಅಳೆದದ್ದು, ಎಷ್ಟು ಹಿಂದುಮುಂದಾಗಬಹುದು. ದೂರ ಹೇಳುವಾಗ ಕಿಲೋಮೀಟರೋ ಮೈಲಿಯೋ ಅಂತ ಹೇಳದೆ ಬಿಡಲ್ವಲ್ಲ, ಹಾಗೆ.

ಇನ್ನು "ನಗರ" ಅನ್ನೋದೇ ಅಳತೆಯ ಮೇಲೆ ನಿಂತಿರೋ ಮಾತು. ನಗರ ವಿಸ್ತರಣೆಯನ್ನ ಜಗತ್ತಿನಾದ್ಯಂತ 200 ನಗರಗಳಲ್ಲಿ ಲ್ಯಾಂಡ್‌ಸ್ಯಾಟ್‌ನಿಂದ ಅಳೆದ ಅಟ್ಲಾಸ್ ಒಂದಿದೆ. ಅದರಲ್ಲಿ ಒಂದು ಪಿಕ್ಸೆಲ್ ಕಟ್ಟಡವಾದ ಮಾತ್ರಕ್ಕೆ ಅದು ನಗರ ಅಲ್ಲ. ಸುತ್ತಲಿನ ಸುಮಾರು 1 ಚದರ ಕಿ.ಮೀ. ವೃತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಡ ಇದ್ರೆ ನಗರ, ಕಾಲಿನಿಂದ ಅರ್ಧದವರೆಗೆ ಇದ್ರೆ ಉಪನಗರ, ಅದಕ್ಕಿಂತ ಕಡಿಮೆ ಇದ್ರೆ ಗ್ರಾಮೀಣ. ಪಿಕ್ಸೆಲ್ ತಪ್ಪುಗಳು ಅಷ್ಟು ದೊಡ್ಡ ವೃತ್ತದಲ್ಲಿ ಬಹಳಷ್ಟು ಸಮನಾಗಿಬಿಡ್ತವೆ. ಒಳಚರಂಡಿಯ ತೀರ್ಮಾನಕ್ಕೆ ಬಡಾವಣೆ ಮಟ್ಟದ ಪಾಲು ಸಾಕಾಗುತ್ತೆ ಅಂತ ನನ್ನ ಅನಿಸಿಕೆ. ಒಂದೊಂದು ಮನೆ ಅಲ್ಲಿ ಬೇಕಿಲ್ಲ.

ಯೋಜನಾಕಡತ

ಇದು ಅರ್ಥವಾಯ್ತು. ಮುಂದಿನ ಸಲ ವರದಿ ಬಂದ್ರೆ ಮೊದಲು ಆ ಎರಡು ವಿಷಯ ಎಲ್ಲಿದೆ ಅಂತ ಹುಡುಕ್ತೀನಿ. ಇಲ್ಲದಿದ್ರೆ ವಾಪಸ್ ಕಳಿಸ್ತೀನಿ.

ಹೊಸನಕ್ಷೆ

ಮೂರು ವಾರ ಆಯ್ತು. ಹೇಳಿದ ಹಾಗೆ ಮಾಡಿದೆ, ಏನಾಯ್ತು ಅಂತ ತಿಳಿಸೋದು ನನ್ನ ಧರ್ಮ.

ಮೊದಲು ಬದಲಾವಣೆ ಬಿಟ್ಟು ಒಂದು ಪರೀಕ್ಷೆ ಮಾಡಿದೆ. ಒಂದೇ ದಿನದ ಒಂದೇ ಸೆಂಟಿನೆಲ್ ಚಿತ್ರ ತಗೊಂಡು, 10 ಮೀಟರಿನದೊಂದು, 30 ಮೀಟರಿಗೆ ಇಳಿಸಿದ್ದೊಂದು, ಎರಡನ್ನೂ ವರ್ಗ ಮಾಡಿ ಹೋಲಿಸಿದೆ. ಒಂದೇ ಕ್ಷಣದ ನಗರ, ಬದಲಾವಣೆ ಸೊನ್ನೆ ಬರಬೇಕು. ಬಂದ ನಕ್ಷೆ ನೋಡಿ ಕೈಕಾಲು ತಣ್ಣಗಾಯ್ತು: ಪ್ರತಿ ರಸ್ತೆಯ ಎರಡೂ ಬದಿ, ಪ್ರತಿ ಉದ್ಯಾನದ ಸುತ್ತ ಬದಲಾವಣೆ ತೋರಿಸೋ ಕೆಂಪು ಗೆರೆ. ನನ್ನ ಹಳೇ ಅಧ್ಯಾಯದ ಬದಲಾವಣೆ ನಕ್ಷೆ ಪಕ್ಕದಲ್ಲಿಟ್ಟೆ. ನಡುಭಾಗದಲ್ಲಿ ಎರಡೂ ಒಂದೇ ಥರ.

ಆಮೇಲೆ ಎರಡೂ ಕಾಲವನ್ನ 30 ಮೀಟರಿನಲ್ಲಿ ಪಾಲುಗಳಾಗಿ ಮಾಡಿದೆ. ಋತುವೂ ಒಂದೇ. ನಡುಭಾಗದ ಕೆಂಪು ಹೆಚ್ಚುಕಡಿಮೆ ಅಳಿಸಿಹೋಯ್ತು. ಹೊರವಲಯದಲ್ಲಿ ಉಳಿಯಿತು, ಆದರೆ ಬೇರೆ ರೂಪದಲ್ಲಿ: ಮೊದಲು "ಹೊಸ ಬಡಾವಣೆ" ಅಂತ ಬರೆದಿದ್ದ ಎಷ್ಟೋ ಜಾಗದಲ್ಲಿ ಹಳೇ ಕಾಲಕ್ಕೇ ಶೇ. 20, ಶೇ. 30 ಕಟ್ಟಡ ಇತ್ತು. ಅವು ಹೊಸದಾಗಿ ಹುಟ್ಟಿದವಲ್ಲ, ಇದ್ದದ್ದು ಒತ್ತಾದದ್ದು. ಇದು ಬೇರೆಯೇ ಕತೆ, ಅಧ್ಯಾಯದ ಹೆಸರೇ ಬದಲಾಯಿಸಿದೆ.

ಅಂಚಿನ ಸಾಂದ್ರತೆಯನ್ನ ಒಂದೇ ಅಂಕಿಯಾಗಿ ಕೊಡೋದು ಬಿಟ್ಟೆ. 30ರಿಂದ 120 ಮೀಟರ್‌ವರೆಗಿನ ಇಳಿಜಾರು ಎರಡೂ ಕಾಲಕ್ಕೆ ಪಕ್ಕಪಕ್ಕ ಹಾಕಿದೆ. ಬಿಂದುಗಳನ್ನ ತಾಳೆ ನೋಡೋ ಕೆಲಸ ಇನ್ನೂ ನಡೀತಿದೆ. ವರದಿಯ ಮೊದಲ ಪುಟದಲ್ಲಿ ಹೀಗೆ ಬರೆದಿದ್ದೀನಿ: "ಈ ಅಂಕಿಗಳು 30 ಮೀಟರ್ ಚೌಕಳಿಯಲ್ಲಿ ಅಳೆದವು. ಅರ್ಧ ಹೆಕ್ಟೇರಿಗಿಂತ ಚಿಕ್ಕ ಬದಲಾವಣೆಯನ್ನು ಇದರಲ್ಲಿ ಎಣಿಸಿಲ್ಲ."

ಒಂದು ಪ್ರಶ್ನೆ ಉಳಿದಿದೆ. ಹಳೇ ಕಾಲಕ್ಕೆ ತಾಳೆ ನೋಡೋಕೆ ಸೂಕ್ಷ್ಮ ಚಿತ್ರ ಎಲ್ಲಿಂದ ತರೋದು?

ಮುಗಿಲಕಣ್ಣು

1990ರ ದಶಕದ ಕೊನೆಗೆ ನಮ್ಮ ಐಆರ್‌ಎಸ್-1ಸಿ ಇದೆ. 1995ರಲ್ಲಿ ಹೋದದ್ದು, ಕಪ್ಪು-ಬಿಳುಪಿನಲ್ಲಿ 5.8 ಮೀಟರ್. ಆ ಕಾಲಕ್ಕೆ ಅದು ತುಂಬಾ ಸೂಕ್ಷ್ಮ ನೋಟ.

ಅದಕ್ಕೂ ಹಿಂದಿನದಕ್ಕೆ ಕೊರೊನಾ ಚಿತ್ರಗಳನ್ನ ನೋಡಿ. 1960ರಿಂದ 1972ರವರೆಗೆ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ಫಿಲ್ಮಿನಲ್ಲಿ ತೆಗೆದವು, 1995ರಲ್ಲಿ ಗೋಪ್ಯತೆ ತೆಗೆದು ಬಿಡುಗಡೆ ಮಾಡಿದ್ರು. ಕೊನೆಯ ಮಾದರಿಯ ಕ್ಯಾಮೆರಾದಲ್ಲಿ ಸುಮಾರು 1.8 ಮೀಟರ್ ವಿವರ ಸಿಗುತ್ತೆ. ಬಣ್ಣ ಇಲ್ಲ, ಅಂಚುಗಳಲ್ಲಿ ತಿರುಚಿರುತ್ತೆ, ಕೂರಿಸೋಕೆ ಕಷ್ಟಪಡಬೇಕು. ವರ್ಗೀಕರಣಕ್ಕೆ ಹೋಗಬೇಡಿ, ಕಣ್ಣಿಂದ ನೋಡೋಕೆ ಬಳಸಿ.

ಹೊಸನಕ್ಷೆ

ಸಿಕ್ಕಿತು ಸರ್. 1960ರ ದಶಕದ ಕೊನೆಯ ಒಂದು ತುಣುಕಿನಲ್ಲಿ ಆ ಉದ್ಯಾನ ಪೂರ್ತಿ ಬಂದಿದೆ. ನಗರದ ಹೊರವಲಯ ಅಂತ ನಾನು ಬರೆದಿದ್ದ ಜಾಗವೆಲ್ಲ ಖಾಲಿ ಹೊಲ. ಉದ್ಯಾನದ ನಡುವೆ ಎರಡು ಬಿಳಿ ಗೆರೆಗಳು, ಒಂದನ್ನೊಂದು ದಾಟಿಕೊಂಡು ಹೋಗಿವೆ. ದಾರಿಗಳು ಅಲ್ಲೇ ಇದ್ದವು. ಆ ಚಿತ್ರವನ್ನ ಪ್ರಿಂಟ್ ತೆಗೆದು ಗೈಡ್ ಮೇಜಿನ ಮೇಲಿಟ್ಟು ಬಂದೆ.